ರಕ್ತದ್ದೋ, ಎಣ್ಣೆಯದ್ದೋ

ಮಾರ್ಚ್ ೩, ಸೋಮವಾರ

ಗುಬ್ಬಿಯ ಹಳೆಯ ಗಣಿತದ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಮೊದಲ ಹಾಳೆಗಳಲ್ಲಿ ತ್ರಿಕೋನಗಳಿವೆ, ಮಿಕ್ಕಿದ್ದು ಖಾಲಿ. ಬಾಯಿಬಿಟ್ಟು ಹೇಳಿದರೆ ನಮ್ಮವರು ನಗುತ್ತಾರೆ, ಅಮ್ಮ ಅಳುತ್ತಾಳೆ, ಹದಿನಾರರ ಮಗಳು ಗುಬ್ಬಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಗೋಡೆ ನೋಡುತ್ತಾಳೆ. ಹಾಗಾಗಿ ಇಲ್ಲಿ. ಹೇಳಬೇಕಾದದ್ದು ದೊಡ್ಡದೇನಲ್ಲ. ನನಗೆ ಹೆದರಿಕೆಯಾಗಿದೆ.

ಅಣ್ಣ ಹೋಗಿ ಒಂದು ತಿಂಗಳಾಯಿತು. ನಲವತ್ತಾರು ವರ್ಷ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದವನು. ಹೊಟ್ಟೆ ಎಂಬುದು ಅವನಿಗೆ ಇರಲೇ ಇಲ್ಲ, ಸಿಗರೇಟು ಮುಟ್ಟಿದವನಲ್ಲ. ಬೆಳಗಿನ ಕ್ಲಾಸು ಮುಗಿಸಿ, ಟವೆಲು ಹೆಗಲಿಗೆ ಹಾಕಿಕೊಂಡು ಕೊಳದ ಪಕ್ಕದ ಬೆಂಚಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಸರ್ ನಾಟಕ ಆಡುತ್ತಿದ್ದಾರೆ ಅಂದುಕೊಂಡು ಮಕ್ಕಳು ನೀರು ಎರಚಿದರಂತೆ.

ನನಗೆ ನಲವತ್ಮೂರು. ಅದೇ ಅಪ್ಪ, ಅದೇ ಅಮ್ಮ, ಅದೇ ಮೂಗು. ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸದ ಕೋಣೆ ಇರುವುದು ಮಹಡಿಯ ಮೇಲೆ. ಇವತ್ತು ಮೆಟ್ಟಿಲಲ್ಲಿ ಅರ್ಧಕ್ಕೇ ನಿಂತು ಮಣಿಕಟ್ಟು ಹಿಡಿದು ನಾಡಿ ನೋಡಿಕೊಂಡೆ. ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಹೀಗೆ ಹಿಡಿದುಕೊಂಡು ನಿಂತರೆ ಯಾರದ್ದು ತಾನೆ ಹೊಡೆದುಕೊಳ್ಳುವುದಿಲ್ಲ?

ಅಮ್ಮ ಈಗ ನಮ್ಮ ಮನೆಯಲ್ಲಿದ್ದಾಳೆ. ಅಣ್ಣನ ಮನೆಯಿಂದ ಪೆಟ್ಟಿಗೆ ಎತ್ತಿಕೊಂಡು ಬಂದವಳು "ಆ ಕೈಯಿಂದ ಇನ್ನೊಂದು ತುತ್ತು ತಿನ್ನಲ್ಲ" ಅಂದುಬಿಟ್ಟಿದ್ದಾಳೆ. ಆ ಕೈ ಅಂದರೆ ಅಣ್ಣನ ಹೆಂಡತಿಯದು. ಶಾಲೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾಳೆ. ಅವಳು ಕರಿದ ಆಲೂಗಡ್ಡೆ ಅಂದರೆ ಅಣ್ಣ ಪ್ರಾಣ ಬಿಡುತ್ತಿದ್ದ. ಈ ಮಾತು ಬರೆದ ಮೇಲೆ ಹೊಡೆದುಹಾಕೋಣ ಅನ್ನಿಸಿತು, ಬೇಡ, ಇರಲಿ.

ಅಮ್ಮ ಹೇಳುವುದರಲ್ಲಿ ತಪ್ಪೇನಿದೆ? ಅಷ್ಟೊಂದು ಎಣ್ಣೆ ಯಾಕೆ ತಿನ್ನಿಸಬೇಕಿತ್ತು ಅವಳು.

ಮಾರ್ಚ್ ೬, ಗುರುವಾರ

ಅಂಗಡಿಗೆ ವಾರದ ರಜೆ. ಮಧ್ಯಾಹ್ನ ಅಮ್ಮ ಮಲಗಿದಳು, ಮನೆ ನಡುಗಿತು. ಅಮ್ಮನ ಗೊರಕೆ ಮೊದಲು ಸಣ್ಣಗೆ ಸೀಟಿ ಹೊಡೆಯುತ್ತದೆ, ಆಮೇಲೆ ಒಂದು ಕ್ಷಣ ಪೂರ್ತಿ ನಿಲ್ಲುತ್ತದೆ, ಇನ್ನೇನು ಮುಗಿಯಿತು ಅನ್ನುವಾಗ ಲಾರಿ ಸ್ಟಾರ್ಟ್ ಆಗುತ್ತದೆ. ಅಣ್ಣನದೂ ಥೇಟ್ ಹೀಗೇ. "ಪರೀಕ್ಷೆ ಇದೆ ನನಗೆ, ಅಜ್ಜಿನ ಆ ಕಡೆ ತಿರುಗಿಸಿ" ಎಂದು ಗುಬ್ಬಿ ಕೂಗಿದಳು. ನಾನು ತಿರುಗಿಸಲಿಲ್ಲ. ಗೊರಕೆ ಕೇಳುತ್ತಿರುವಷ್ಟು ಹೊತ್ತು ಆಕೆ ಇದ್ದಾಳೆ ಎಂದು ಗೊತ್ತಾಗುತ್ತದಲ್ಲ.

ಎದ್ದ ಮೇಲೆ ಚಹಾ ಕುಡಿಯುತ್ತ ಮತ್ತೆ ಅದೇ ರಾಗ. ಅವಳು ಕರಿದಳು, ಅವಳು ಬಡಿಸಿದಳು, ಇವನು ತಿಂದ. ನಮ್ಮವರು ಬೇಕರಿಯಿಂದ ಆಗಷ್ಟೇ ಬಂದಿದ್ದರು. ತೋಳಿನ ಹಿಟ್ಟು ಕೊಡವುತ್ತ, "ಅತ್ತೆ, ನಾನು ದಿನಾ ಊರಿಗೆಲ್ಲ ಬೆಣ್ಣೆ ತಿನ್ನಿಸ್ತೀನಿ, ಹಾಗಾದ್ರೆ ನನ್ನನ್ನ ಜೈಲಿಗೆ ಹಾಕಿಸ್ಬೇಕು" ಅಂದರು. ಅಮ್ಮ ಮುಖ ತಿರುಗಿಸಿದಳು.

ನಮ್ಮ ಮನೆತನದ ರೀತಿಯೇ ಹೀಗೆ. ನಮ್ಮಲ್ಲಿ ಯಾರೂ ಸುಮ್ಮನೆ ಸಾಯುವುದಿಲ್ಲ. ಪ್ರತಿ ಸಾವಿಗೂ ಒಬ್ಬರು ಹೊಣೆಗಾರರು ಇರಲೇಬೇಕು. ಅಪ್ಪ ಎಪ್ಪತ್ತೆಂಟಕ್ಕೆ ನ್ಯುಮೋನಿಯಾದಿಂದ ಹೋದರು, ಅದಕ್ಕೆ ಕಾರಣ ನಾನು, ಆಸ್ಪತ್ರೆಯ ಕಿಟಕಿ ತೆರೆದಿಟ್ಟಿದ್ದೆನಂತೆ. ಇವತ್ತಿಗೂ ಅಮ್ಮ ಕಿಟಕಿ ಮುಚ್ಚುವಾಗ ಒಮ್ಮೆ ನನ್ನ ಕಡೆ ನೋಡುತ್ತಾಳೆ.

ಗುಬ್ಬಿಯ ಈಜು ನಿಲ್ಲಿಸಿದೆ. ಕೂಗಾಡಿದಳು. "ಮಾವ ಕಲಿಸಿದ್ದು ಅದು!" ಅಂದಳು. ಅದಕ್ಕೇ ನಿಲ್ಲಿಸಿದ್ದು ಎಂದು ಹೇಳಲಾಗಲಿಲ್ಲ.

ಮಾರ್ಚ್ ೧೦, ಸೋಮವಾರ

ಹೃದಯದ ಡಾಕ್ಟರ ಬಳಿ ಹೋಗಿಬಂದೆ. ನನಗಿಂತ ಚಿಕ್ಕವಳು, ದಪ್ಪ ಗಾಜಿನ ಕನ್ನಡಕ. ಎಡಗಡೆ ಕಿವಿಯ ಹತ್ತಿರ ಸಡಿಲವಾಗಿದೆ, ನನ್ನ ಕೈಗೆ ಕೊಟ್ಟರೆ ಎರಡು ನಿಮಿಷದ ಕೆಲಸ. ಹೆದರಿಕೆಯಾದಾಗ ನಾನು ಎದುರಿಗಿರುವವರ ಫ್ರೇಮು ನೋಡುತ್ತೇನೆ.

ಬಿ.ಪಿ. ಸರಿ. ಇ.ಸಿ.ಜಿ. ಸರಿ. ಕೊಲೆಸ್ಟರಾಲ್ ಕೂಡ ಸರಿ. ನಾನು ಬ್ಯಾಗು ಎತ್ತಿಕೊಂಡು ಏಳುವುದರಲ್ಲಿದ್ದೆ.

"ಕೂತ್ಕೊಳ್ಳಿ. ನಿಮ್ಮಣ್ಣಂದೂ ಕೊಲೆಸ್ಟರಾಲ್ ಸರಿ ಇತ್ತು ಅಂತೀರಿ?"

"ಹೌದು. ಈಜುಕೊಳದವರು ವರ್ಷಾ ವರ್ಷಾ ಚೆಕ್ ಮಾಡಿಸ್ತಿದ್ರು. ಯಾವತ್ತೂ ಸರೀನೇ."

"ಮನೇಲಿ ಬೇರೆ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲಿ ಹಾರ್ಟ್ ತೊಂದರೆ? ಅಜ್ಜ, ಮಾವ, ಚಿಕ್ಕಪ್ಪ?"

"ಯಾರಿಗೂ ಇಲ್ಲ" ಅಂದೆ. ಖಡಾಖಂಡಿತವಾಗಿ ಅಂದೆ.

ಇನ್ನೊಂದು ರಕ್ತಪರೀಕ್ಷೆ ಬರೆದುಕೊಟ್ಟಳು. ಜನ್ಮದಲ್ಲಿ ಒಂದು ಸಲ ಮಾಡಿಸಿದರೆ ಸಾಕಂತೆ, ಸಾಮಾನ್ಯವಾಗಿ ಆ ಅಂಕಿ ಬದಲಾಗುವುದಿಲ್ಲವಂತೆ. ಕೊಬ್ಬನ್ನು ಹೊತ್ತುಕೊಂಡು ರಕ್ತದಲ್ಲಿ ತಿರುಗುವ ಕಣಗಳಿರುತ್ತವೆ. ಅವುಗಳಲ್ಲಿ ಒಂದು ಜಾತಿಯ ಕಣಕ್ಕೆ ಇನ್ನೊಂದು ಪ್ರೋಟೀನು ಬಾಲದ ಹಾಗೆ ಅಂಟಿಕೊಂಡಿರುತ್ತದೆ. ಅದನ್ನು ಲೈಪೋಪ್ರೋಟೀನ್ ಲಿಟಲ್ ಎ ಅನ್ನುತ್ತಾರೆ. ಮಾಮೂಲಿ ಪರೀಕ್ಷೆ ಕೊಬ್ಬು ಎಷ್ಟಿದೆ ಎಂದು ಹೇಳುತ್ತದೆ, ಈ ಬಾಲದ ಕಣ ಎಷ್ಟಿದೆ ಎಂದು ಬೇರೆಯಾಗಿಯೇ ನೋಡಬೇಕು. ಅದು ಹೆಚ್ಚಿದ್ದವರಿಗೆ ರಕ್ತನಾಳ ಬೇಗ ಕಟ್ಟಿಕೊಳ್ಳುವ ಅಪಾಯ ಜಾಸ್ತಿ, ನೋಡಲು ಎಷ್ಟೇ ಗಟ್ಟಿಮುಟ್ಟಾಗಿದ್ದರೂ.

ರಕ್ತ ಕೊಟ್ಟು ಬಂದೆ. ಲಿಟಲ್ ಅಂತೆ. ಹೆಸರು ಕೇಳಿದರೆ ಮುದ್ದು ಮಾಡಬೇಕು ಅನ್ನಿಸುತ್ತದೆ.

ಮಾರ್ಚ್ ೧೪, ಶುಕ್ರವಾರ

ನೂರಾ ಹದಿನೆಂಟು. ಐವತ್ತರ ಮೇಲಿದ್ದರೆ ಹೆಚ್ಚು ಎಂದು ಪಕ್ಕದಲ್ಲೇ ಅಚ್ಚಾಗಿದೆ.

ಊಟ ಸೇರಲಿಲ್ಲ. ಬರೆಯಲಿಕ್ಕೂ ಆಗುತ್ತಿಲ್ಲ.

ಮಾರ್ಚ್ ೧೫, ಶನಿವಾರ

ಡಾಕ್ಟರ ಮುಂದೆ ಕೂತಾಗ ಮೊದಲು ಬಾಯಿಗೆ ಬಂದದ್ದು, "ನಾನು ಸಾಯ್ತೀನಾ?"

"ಎಲ್ಲರೂ ಸಾಯ್ತೀವಿ. ನೀವು ಇದರಿಂದಲೇ, ಬೇಗನೇ ಸಾಯಬೇಕು ಅಂತ ಏನಿಲ್ಲ. ಇದು ಇದ್ದವರಿಗೆಲ್ಲ ಆಗಲ್ಲ, ಆಗೋ ಅಪಾಯ ಜಾಸ್ತಿ ಅಷ್ಟೇ. ಗೊತ್ತಾಗಿದ್ದು ಒಳ್ಳೇದೇ ಆಯ್ತು."

ಒಳ್ಳೆಯದಂತೆ! ಅವಳ ಫ್ರೇಮಿನ ಸಡಿಲ ಸ್ಕ್ರೂ ಕಿತ್ತು ಬಿಸಾಡೋಣ ಅನ್ನಿಸಿತು. ಆದರೆ ಅವಳು ನಿಧಾನವಾಗಿ ಹೇಳಿದಳು, ನಾನು ಕೇಳಿದೆ. ಈ ಅಂಕಿಯನ್ನು ಇಳಿಸುವ ಮಾತ್ರೆ ಸದ್ಯಕ್ಕೆ ಅವಳ ಕೈಯಲ್ಲಿಲ್ಲ, ಅದಕ್ಕೆ ಹೊಸ ಔಷಧಿಗಳ ಪ್ರಯೋಗ ನಡೆಯುತ್ತಿದೆಯಂತೆ. ಅಲ್ಲಿಯತನಕ ಉಳಿದದ್ದನ್ನೆಲ್ಲ ಹದ್ದುಬಸ್ತಿನಲ್ಲಿಡಬೇಕು. ಕೆಟ್ಟ ಕೊಲೆಸ್ಟರಾಲನ್ನು ಇನ್ನೂ ಕೆಳಗೆ ತರಲು ದಿನಕ್ಕೊಂದು ಮಾತ್ರೆ, ಬಿ.ಪಿ. ಮೇಲೆ ಕಣ್ಣು, ನಡಿಗೆ, ಹೃದಯದ ಕವಾಟ ನೋಡಲು ಒಂದು ಸ್ಕ್ಯಾನು.

"ಇದು ಹುಟ್ಟಿನಿಂದ ಬಂದಿದ್ದು. ತಿಂದಿದ್ದರಿಂದ ಬರೋದಲ್ಲ, ತಿನ್ನೋದು ಬಿಟ್ರೆ ಹೋಗೋದೂ ಅಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದಿರುತ್ತೆ. ನಿಮಗೆ ಮಕ್ಕಳಿದ್ದಾರಾ?"

"ಒಬ್ಬಳು ಮಗಳು."

"ಅವಳಿಗೂ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ಕರ್ಕೊಂಡು ಬನ್ನಿ."

ಆಮೇಲೆ ಹೇಳಿದ್ದು ಏನೂ ಕೇಳಿಸಲಿಲ್ಲ. ಇಷ್ಟು ದಿನ ನನಗೆ ನನ್ನದೇ ಹೆದರಿಕೆ ಇತ್ತು, ಅದು ಎಷ್ಟು ಸಣ್ಣದಾಗಿತ್ತು ಎಂದು ಈಗ ಅನ್ನಿಸುತ್ತಿದೆ. ಮನೆಗೆ ಬಂದರೆ ಗುಬ್ಬಿ ಸೋಫಾದ ಮೇಲೆ ತಲೆಕೆಳಗಾಗಿ ಮಲಗಿ, ಗೋಡೆಗೆ ಕಾಲು ಆನಿಸಿಕೊಂಡು ಇತಿಹಾಸ ಓದುತ್ತಿದ್ದಳು. "ಎದ್ದು ಕೂತ್ಕೋ!" ಎಂದು ಕಿರುಚಿದೆ. ಅವಳು ಬೆಚ್ಚಿಬಿದ್ದಳು. ರಕ್ತಪರೀಕ್ಷೆಯ ವಿಷಯ ಎತ್ತಲಿಲ್ಲ.

ಮಾರ್ಚ್ ೧೮, ಮಂಗಳವಾರ

ಇವತ್ತು ಒಂದು ಕನ್ನಡಕಕ್ಕೆ ಎಡದ ಲೆನ್ಸು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿಬಿಟ್ಟೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಹಾಕಿಕೊಂಡ ಮುದುಕರು ಬಾಗಿಲು ಎಲ್ಲಿದೆ ಎಂದು ತಡವರಿಸಿದರಂತೆ. ಅಂಗಡಿಯ ಯಜಮಾನರು ಬಯ್ಯಲಿಲ್ಲ, ಅದೇ ಕಷ್ಟವಾಯಿತು.

ತಿರುಗಿ ಸರಿಮಾಡುತ್ತ ಕೂತಿದ್ದೆ. ಲೆನ್ಸಿನ ನಡುಮಧ್ಯಕ್ಕೆ ಚುಕ್ಕಿ ಇಡುವಾಗ ಬೇರೇನೂ ಯೋಚಿಸಬಾರದು, ಆದರೆ ಆಗಲೇ ಹೊಳೆಯಿತು. ನಾನು ಡಾಕ್ಟರಿಗೆ ಸುಳ್ಳು ಹೇಳಿದ್ದೆ. ಬೇಕೆಂದು ಹೇಳಿದ್ದಲ್ಲ.

ಅಮ್ಮನ ಅಪ್ಪ ಐವತ್ತಕ್ಕೆ ಹೋದದ್ದು ಊಟಕ್ಕೆ ಕೂತಲ್ಲೇ. ಅಜ್ಜಿ ಉಪ್ಪಿನ ವಿಷಯಕ್ಕೆ ಜಗಳ ತೆಗೆದಳು, ಅವರು ಸಿಟ್ಟಿನಲ್ಲಿ ಎದೆ ಒಡೆದು ಸತ್ತರು ಎಂದೇ ನಾವೆಲ್ಲ ಕೇಳಿ ಬೆಳೆದದ್ದು. ಅಮ್ಮನ ತಮ್ಮ, ನಮ್ಮ ಮಾವ, ನಲವತ್ತೊಂಬತ್ತಕ್ಕೆ. ಪಾಲುದಾರ ಮೋಸ ಮಾಡಿದ, ಆ ಕೊರಗಿಗೆ ಹೋದರು ಎಂದು. ಅಜ್ಜಿಗೆ ಬೈದೆವು, ಪಾಲುದಾರನಿಗೆ ಬೈದೆವು. ಹೊಣೆಗಾರರು ಸಿಕ್ಕಿಬಿಟ್ಟಿದ್ದರು, ಹಾಗಾಗಿ ಕಾಯಿಲೆಯನ್ನು ಯಾರೂ ಹುಡುಕಲಿಲ್ಲ. ಡಾಕ್ಟರು ಕೇಳಿದಾಗ ಈ ಇಬ್ಬರೂ ನನ್ನ ತಲೆಗೆ ಬರಲೇ ಇಲ್ಲ.

ಇಬ್ಬರೂ ಅಮ್ಮನ ಕಡೆಯವರು.

ಬೇಡ. ಅಪ್ಪನ ಕಡೆಯದ್ದೇ ಆಗಿರಲಿ. ಅಪ್ಪ ಈಗಿಲ್ಲ, ಅವರಿಗೆ ನೋವಾಗುವುದಿಲ್ಲ.

ಮಾರ್ಚ್ ೨೧, ಶುಕ್ರವಾರ

ನಮ್ಮವರು ಬಾಯಿ ಬಿಟ್ಟರು. ಅಮ್ಮ ಮತ್ತೆ ಎಣ್ಣೆ ಪುರಾಣ ತೆಗೆದಾಗ, "ಇದು ಹುಟ್ಟಿನಿಂದ ಬರೋದಂತೆ ಅತ್ತೆ, ನಿಮ್ಮ ಮಗಳಿಗೂ ಇದೆ, ಡಾಕ್ಟ್ರು ಹೇಳಿದಾರೆ" ಅಂದುಬಿಟ್ಟರು. ನಾನು ಅಡುಗೆಮನೆಯಲ್ಲಿ ಲೋಟ ಹಿಡಿದು ಹಾಗೇ ನಿಂತೆ.

"ಅವರಪ್ಪನ ಕಡೇದು" ಎಂದಳು ಅಮ್ಮ, ಒಂದು ಉಸಿರೂ ತಡೆಯದೆ.

"ಯಾರ ಕಡೇದೋ ಯಾರಿಗೆ ಗೊತ್ತು ಬಿಡಮ್ಮ" ಅಂದೆ.

"ಯಾರಿಗೆ ಗೊತ್ತು ಅಂದ್ರೆ? ನಂದೂ ನೋಡಲಿ! ಎಪ್ಪತ್ಮೂರಾಯ್ತು, ಒಂದು ದಿನ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ ನಾನು. ನನ್ನ ರಕ್ತ ಸರಿ ಇದ್ರೆ ನಿನ್ನ ಡಾಕ್ಟರ್ ಮಾತೆಲ್ಲ ಸುಳ್ಳು ಅಂತಾಯ್ತು. ಆಮೇಲೆ ಎಣ್ಣೆಯದ್ದೇ ಅಂತ ಎಲ್ಲರೂ ಒಪ್ಕೋಬೇಕು."

ಈ ವಾದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಆದರೆ ಅಮ್ಮ ಆಗಲೇ ಚಪ್ಪಲಿ ಹುಡುಕುತ್ತಿದ್ದಳು. ಈ ಪರೀಕ್ಷೆಗೆ ಹೊಟ್ಟೆ ಖಾಲಿ ಇರಬೇಕಿಲ್ಲ ಎಂದರೂ ಕೇಳದೆ ಮುಂದಿಟ್ಟಿದ್ದ ಚಹಾವನ್ನೂ ಮುಟ್ಟಲಿಲ್ಲ. ಲ್ಯಾಬಿನಲ್ಲಿ ಸೂಜಿ ಚುಚ್ಚುವಾಗ ಹುಡುಗಿಯ ಮುಖವನ್ನೇ ನೋಡುತ್ತ, "ಚೆನ್ನಾಗಿ ನೋಡಮ್ಮ, ಒಳ್ಳೆ ರಕ್ತ" ಅಂದಳು. ಆ ಕೈ ಎಷ್ಟು ಸಣ್ಣಗಾಗಿದೆ. ನಾನು ಕಿಟಕಿಯ ಕಡೆ ನೋಡಿದೆ.

ಮಾರ್ಚ್ ೨೪, ಸೋಮವಾರ

ಅಮ್ಮನದು ನೂರಾ ನಲವತ್ತೆರಡು.

ಲ್ಯಾಬಿನಿಂದ ನೇರ ಡಾಕ್ಟರ ಹತ್ತಿರ ಹೋದೆ. ಅಜ್ಜನ ವಿಷಯ, ಮಾವನ ವಿಷಯ ಎಲ್ಲ ಹೇಳಿದೆ. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಅಂದಳು. ನಮ್ಮ ಮನೆಯ ರೀತಿ ಇವಳಿಗೆ ಹೇಗೆ ವಿವರಿಸಲಿ? ಅಮ್ಮ ಇಷ್ಟು ವರ್ಷ ಹೇಗೆ ಗಟ್ಟಿಯಾಗಿ ಉಳಿದಳು ಎಂದು ಕೇಳಿದೆ. ಕೆಲವರಿಗೆ ಏನೂ ಆಗುವುದಿಲ್ಲ, ಯಾಕೆಂದು ಪೂರ್ತಿ ಗೊತ್ತಿಲ್ಲ ಅಂದಳು. ಅಮ್ಮನ ಹೃದಯದ ಕವಾಟವನ್ನೂ ಒಮ್ಮೆ ನೋಡಬೇಕಂತೆ.

"ಹಾಗಾದ್ರೆ ಅಣ್ಣಂಗೆ ಆಲೂಗಡ್ಡೆ ಕರಿದು ಕೊಟ್ಟಿದ್ದಕ್ಕೆ..." ಎಂದು ಶುರುಮಾಡಿದೆ, ಮುಗಿಸಲಿಲ್ಲ.

"ಅವರದ್ದು ಪರೀಕ್ಷೆ ಆಗಿಲ್ಲ, ನೂರಕ್ಕೆ ನೂರು ಯಾರೂ ಹೇಳೋಕಾಗಲ್ಲ. ಆದ್ರೆ ತೆಳ್ಳಗಿದ್ದ ಮನುಷ್ಯ, ಉಳಿದಿದ್ದೆಲ್ಲ ಸರಿ ಇತ್ತು, ತಾಯಿಗೆ ಇಷ್ಟಿದೆ, ತಂಗಿಗೆ ಇಷ್ಟಿದೆ. ಕಾರಣ ಹುಡುಕೋಕೆ ನಾನು ಅಡುಗೆಮನೆ ಕಡೆ ನೋಡಲ್ಲ."

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು. "ಬಂತಾ?"

"ಇನ್ನೂ ಬಂದಿಲ್ಲ" ಅಂದೆ. ರಿಪೋರ್ಟು ಬ್ಯಾಗಿನಲ್ಲೇ ಇತ್ತು, ಬ್ಯಾಗು ಹೆಗಲಲ್ಲೇ ಇತ್ತು.

ಮಾರ್ಚ್ ೨೫, ಮಂಗಳವಾರ

"ಬಂತಾ?"

"ಇಲ್ಲ."

"ಒಳ್ಳೆ ರಕ್ತ ನೋಡೋಕೆ ಇಷ್ಟು ದಿನ ಯಾಕೆ ಬೇಕು?"

ಮಾರ್ಚ್ ೨೮, ಶುಕ್ರವಾರ

ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಶಾಲೆಯ ಕ್ಯಾಂಟೀನಿಗೆ ಹೋದೆ. ಒಲೆಯ ಮುಂದೆ ಬೇರೆ ಯಾರೋ ಇದ್ದರು. ಅತ್ತಿಗೆ ಹಿಂದಿನ ಅಂಗಳದಲ್ಲಿ ಒಂದು ಕ್ರೇಟು ಬೋರಲು ಹಾಕಿಕೊಂಡು ಕೂತು ಕ್ಯಾರೆಟ್ ಹೆಚ್ಚುತ್ತಿದ್ದರು. ಎಷ್ಟು ಇಳಿದುಹೋಗಿದ್ದಾರೆ. ನನ್ನನ್ನು ಕಂಡು ಎದ್ದು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡರು. ಮೊದಲು ಕೇಳಿದ್ದು, "ಅತ್ತೆ ಹೇಗಿದಾರೆ? ಮಂಡಿ ನೋವಿನ ಎಣ್ಣೆ ಇಲ್ಲೇ ಬಿಟ್ಟು ಹೋಗಿದಾರೆ, ಯಾರ ಹತ್ರ ಕಳಿಸೋದು ಅಂತಿದ್ದೆ."

"ನೀವ್ಯಾಕೆ ಇಲ್ಲಿ ಕೂತಿದೀರ? ಒಲೆ ಯಾರು ನೋಡ್ಕೋತಿದಾರೆ?"

"ತರಕಾರಿಗೆ ಹಾಕಿ ಅಂತ ನಾನೇ ಕೇಳ್ಕೊಂಡೆ. ಬಾಣಲೆ ಮುಂದೆ ನಿಂತ್ರೆ ಕೈ ನಡುಗುತ್ತೆ. ಇಷ್ಟೊಂದು ಮಕ್ಕಳು ತಿಂತಾರೆ ನೋಡು." ಚಾಕು ಕೆಳಗಿಟ್ಟರು. "ಅವತ್ತು ಬೆಳಿಗ್ಗೆ ಡಬ್ಬಿಗೆ ಆಲೂಗಡ್ಡೆ ಹಾಕಿ ಕಳಿಸಿದ್ದೆ. ಬೇಡ ಅಂದ್ಕೊಂಡೇ ಹಾಕಿದ್ದೆ. ಆಸ್ಪತ್ರೆಯವರು ಡಬ್ಬಿ ವಾಪಸ್ ಕೊಟ್ರು, ತೆಗೆದು ನೋಡ್ದೆ. ಖಾಲಿ ಇತ್ತು."

ಅದನ್ನು ಹೇಳಿದ ದನಿ ನನಗೆ ಮರೆಯುವುದಿಲ್ಲ. ಅಮ್ಮನ ಎಣ್ಣೆಯ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದವರು ಅತ್ತಿಗೆಯೇ.

ಎಲ್ಲ ಹೇಳಿದೆ. ಬಾಲದ ಕಣ, ನನ್ನ ನೂರಾ ಹದಿನೆಂಟು, ತಿಂದದ್ದರಿಂದ ಬರುವುದಲ್ಲ ಎಂಬುದು. ಡಾಕ್ಟರು ಖಂಡಿತ ಎಂದು ಹೇಳಲಿಲ್ಲ ಎಂಬುದನ್ನೂ ಹೇಳಿದೆ, ಈ ವಿಷಯದಲ್ಲಿ ಒಂದು ಎಳೆಯಷ್ಟೂ ಸುಳ್ಳು ಸೇರಿಸಲು ಮನಸ್ಸಾಗಲಿಲ್ಲ. ಅತ್ತಿಗೆ ಸುಮ್ಮನೆ ಕೇಳುತ್ತಿದ್ದರು. ಕೊನೆಗೆ, "ಇನ್ನೊಂದ್ಸಲ ಹೇಳು" ಅಂದರು. ಇನ್ನೊಮ್ಮೆ ಹೇಳಿದೆ. ಆಮೇಲೆ ಮುಖ ಮುಚ್ಚಿಕೊಂಡು ಅತ್ತರು. ಕೈಯಲ್ಲಿದ್ದ ಕ್ಯಾರೆಟ್ ಸಿಪ್ಪೆ ಹಣೆಗೆ ಅಂಟಿತು, ನಾನು ತೆಗೆದೆ.

"ಯಾರ ಕಡೆಯಿಂದ ಬಂದಿದ್ದಂತೆ?"

ನಾನು ತಲೆ ತಗ್ಗಿಸಿ ಚೆಲ್ಲಿದ್ದ ಕ್ಯಾರೆಟ್ ಹೋಳು ಆಯತೊಡಗಿದೆ. ಅಷ್ಟರಲ್ಲೇ ಅತ್ತಿಗೆಗೆ ಗೊತ್ತಾಯಿತು.

"ಅತ್ತೆಗೆ ಹೇಳ್ಬೇಡ" ಎಂದರು ತಕ್ಷಣ. "ನನ್ನ ಮೇಲೇ ಇರ್ಲಿ ಬಿಡು. ನನಗೆ ಗೊತ್ತಾಯ್ತಲ್ಲ, ಸಾಕು. ನಾನು ತಡ್ಕೋತೀನಿ. ಅವರು ಹೆತ್ತೋರು, ಅವರಿಗೆ ಆಗಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮುಂದಿನ ಸೀಟಿಗೆ ಹೋಗಿ ಕೂತಳು.

ಮಾರ್ಚ್ ೩೦, ಭಾನುವಾರ

ಹೇಳಿಬಿಟ್ಟೆ.

ಹೇಳಬಾರದು ಎಂದೇ ಇದ್ದೆ. ನಮ್ಮವರೂ, "ವಯಸ್ಸಾದವರು ಕಣೇ, ಸುಮ್ನಿರು" ಅಂದಿದ್ದರು. ಆದರೆ ಗುಬ್ಬಿಯ ಮುಂದೆ ಅಮ್ಮ ಶುರುಮಾಡಿದಳು. "ನಿನ್ನ ಮಾವನ್ನ ಕೊಂದಿದ್ದು ಅವಳು, ಬಾಣಲೆ ತುಂಬ ಎಣ್ಣೆ ಹಾಕಿ" ಅಂದಳು. ಗುಬ್ಬಿ ಅದನ್ನು ಕೇಳುತ್ತ ತಲೆಯಾಡಿಸಿದಳು. ಆ ತಲೆಯಾಡಿಸಿದ್ದನ್ನು ನೋಡಲಾಗಲಿಲ್ಲ. ಇನ್ನು ಮೂವತ್ತು ವರ್ಷಕ್ಕೆ ಇವಳೂ ಯಾರನ್ನೋ ಹುಡುಕಿ ಬೈಯುತ್ತಾಳೆ, ಆಗಲೂ ಮನೆಯಲ್ಲೇ ಇನ್ನೊಬ್ಬರು ಗೊತ್ತಿಲ್ಲದೆ ಇದೇ ಕಾಯಿಲೆ ಇಟ್ಟುಕೊಂಡು ಓಡಾಡುತ್ತಿರುತ್ತಾರೆ.

ಗುಬ್ಬಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ.

"ಅಮ್ಮ, ರಿಪೋರ್ಟ್ ಬಂದು ಒಂದು ವಾರ ಆಯ್ತು. ನಿಂದು ನನಗಿಂತ ಜಾಸ್ತಿ ಇದೆ."

ಅಮ್ಮ ನನ್ನನ್ನೇ ನೋಡಿದಳು. "ಲ್ಯಾಬಿನೋರು ತಪ್ಪು ಮಾಡಿದಾರೆ."

"ಅಜ್ಜ ಐವತ್ತಕ್ಕೆ ಹೋದ್ರು. ಮಾವ ನಲವತ್ತೊಂಬತ್ತಕ್ಕೆ. ಅದು ಉಪ್ಪಿಗಲ್ಲಮ್ಮ, ಪಾಲುದಾರನಿಗಲ್ಲ."

"ಸುಮ್ನಿರೇ."

"ಅತ್ತಿಗೆಗೆ ಹೇಳ್ದೆ. ಅತ್ತೆಗೆ ಗೊತ್ತಾಗ್ಬಾರ್ದು, ನನ್ನ ಮೇಲೇ ಇರ್ಲಿ, ನಾನು ತಡ್ಕೋತೀನಿ ಅಂದ್ರು."

ಅಮ್ಮ ಎದ್ದು ಹೋಗಿ ತಾನೇ ಕಿಟಕಿ ತೆರೆದಳು.

ನಾನು ಏನು ಮಾಡಿಬಿಟ್ಟೆ?

ಮಾರ್ಚ್ ೩೧, ಸೋಮವಾರ

ಅಮ್ಮ ಮಾತಾಡುತ್ತಿಲ್ಲ. ಮಧ್ಯಾಹ್ನ ಮಲಗಿದ್ದಳಂತೆ, ಗೊರಕೆ ಇರಲಿಲ್ಲವಂತೆ. ಗುಬ್ಬಿ ಎರಡು ಸಲ ಹೋಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಬಂದಳಂತೆ. ಅಜ್ಜಿ ಕಣ್ಣು ಬಿಟ್ಟುಕೊಂಡೇ ಇದ್ದಳು ಅಂದಳು.

ಗುಬ್ಬಿಗೆ ಎಲ್ಲ ಹೇಳಿದೆ, ಅರ್ಧಕ್ಕರ್ಧ ಎಂಬುದನ್ನೂ. ಅಳುತ್ತಾಳೆ ಅಂದುಕೊಂಡಿದ್ದೆ. "ಸೂಜಿ ದಪ್ಪ ಇರುತ್ತಾ?" ಎಂದು ಕೇಳಿದಳು. ಸಂಜೆ ಹೋಗಿ ರಕ್ತ ಕೊಟ್ಟು, ಅಲ್ಲಿಂದಲೇ ಈಜಿಗೆ ಹೋದಳು.

ಏಪ್ರಿಲ್ ೨, ಬುಧವಾರ

ನಾನು ಅಂಗಡಿಯಿಂದ ಬರುವಷ್ಟರಲ್ಲಿ ಅಮ್ಮ ಪೆಟ್ಟಿಗೆ ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಳು. "ಅವಳ ಮನೆಗೆ ಕರ್ಕೊಂಡು ಹೋಗು" ಅಂದಳು. ಮೂರು ದಿನದಲ್ಲಿ ಆಡಿದ ಮೊದಲ ಮಾತು. ಯಾಕೆ ಎಂದು ಕೇಳುವ ಧೈರ್ಯವಾಗಲಿಲ್ಲ. ಜಗಳಕ್ಕೋ, ಇನ್ಯಾವುದಕ್ಕೋ, ದಾರಿಯುದ್ದಕ್ಕೂ ಮುಖ ನೋಡಿದೆ, ಏನೂ ತಿಳಿಯಲಿಲ್ಲ.

ಅತ್ತಿಗೆಯ ಮನೆ ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮ ಪ್ರತಿ ತಿರುವಿನಲ್ಲೂ ಕಂಬಿ ಹಿಡಿದು ನಿಂತಳು. ಮೂರನೆಯ ಮಹಡಿಯಲ್ಲಿ, "ದಿನಾ ಇಷ್ಟೊಂದು ಹತ್ತಿ ಇಳೀತಿದ್ದನಲ್ಲೇ ಅವನು" ಅಂದಳು, ತನಗೇ ಹೇಳಿಕೊಂಡ ಹಾಗೆ.

ಅತ್ತಿಗೆ ಬಾಗಿಲು ತೆಗೆದರು. ಅಮ್ಮನನ್ನು ನೋಡಿ, ಪೆಟ್ಟಿಗೆ ನೋಡಿ, ನನ್ನನ್ನು ನೋಡಿದರು. ಎದುರು ಮನೆಯಿಂದ ಕುಕ್ಕರ್ ಕೂಗಿತು.

"ಹಸಿವಾಗ್ತಿದೆ" ಎಂದಳು ಅಮ್ಮ. "ಏನಾದ್ರೂ ಮಾಡಿಕೊಡು."

ಅತ್ತಿಗೆ ಬಾಗಿಲು ಹಿಡಿದೇ ನಿಂತಿದ್ದರು.

"ಆಲೂಗಡ್ಡೆ ಕರಿ" ಎಂದಳು ಅಮ್ಮ.

"ಮನೇಲಿ ಎಣ್ಣೆ ಇಲ್ಲ ಅತ್ತೆ" ಎಂದರು ಅತ್ತಿಗೆ, ಪಿಸುದನಿಯಲ್ಲಿ. "ಆವತ್ತಿಂದ ತಂದೇ ಇಲ್ಲ."

ಅಮ್ಮ ನನ್ನ ಕಡೆ ತಿರುಗಿದಳು. "ನಿಂತು ನೋಡ್ತೀಯಲ್ಲ! ಹೋಗಿ ತಗೊಂಡು ಬಾ."

ಓಡಿ ಇಳಿದೆ. ಮೂಲೆಯಂಗಡಿಯಲ್ಲಿ ಒಂದು ಬಾಟಲಿ ಎಣ್ಣೆ ತೆಗೆದುಕೊಂಡು, ಚಿಲ್ಲರೆಗೂ ಕಾಯದೆ, ನಾಲ್ಕು ಮಹಡಿಯನ್ನೂ ಒಂದೇ ಓಟದಲ್ಲಿ ಹತ್ತಿದೆ. ಒಳಗೆ ಇಬ್ಬರನ್ನೇ ಬಿಟ್ಟರೆ ಏನಾಗುತ್ತದೋ ಎಂಬ ಗಾಬರಿ. ಬಂದು ನೋಡಿದರೆ ಅಮ್ಮ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು, ಅತ್ತಿಗೆ ತೆಳ್ಳಗೆ ಹೆಚ್ಚುತ್ತಿದ್ದರು. 

ಎಣ್ಣೆ ಕಾಯಿತು. ಮೊದಲ ಹಿಡಿ ಹಾಕುವಾಗ ಅತ್ತಿಗೆಯ ಕೈ ನಡುಗಿತು. ಅಮ್ಮ ಎದ್ದು ಹೋಗಿ ಆ ಮಣಿಕಟ್ಟನ್ನು ಹಿಡಿದುಕೊಂಡಳು.

"ಅವನಿಗೆ ನಾನು ಕೊಟ್ಟಿದ್ದು" ಎಂದಳು. "ನೀನಲ್ಲ."

ಅತ್ತಿಗೆ ಜಾಲರಿ ಸೌಟಿನಿಂದ ಹೋಳುಗಳನ್ನು ಮೆಲ್ಲಗೆ ತಿರುವಿದರು. ಕಣ್ಣೀರು ಗಲ್ಲದ ತನಕ ಬಂದಿತ್ತು.

"ಗೊರಕೆನೂ ನೀವೇ ಕೊಟ್ಟಿದ್ದು ಅತ್ತೆ" ಎಂದರು. "ಇಪ್ಪತ್ತು ವರ್ಷ ಸಹಿಸ್ಕೊಂಡೆ. ಈಗ ಅದಿಲ್ದೆ ನಿದ್ದೆ ಬರ್ತಿಲ್ಲ."

ಅಮ್ಮ ನಕ್ಕಳು. ಅಣ್ಣ ಹೋದ ಮೇಲೆ ಮೊದಲ ಸಲ. ನಗುತ್ತಲೇ ಅತ್ತಿಗೆಯ ಹೆಗಲಿಗೆ ಹಣೆ ಇಟ್ಟು, ನಾನು ಅವತ್ತಿನಿಂದ ಕಾಯುತ್ತಿದ್ದ ಅಳು ಅತ್ತಳು. ನಾನು ಒಲೆ ಸಣ್ಣ ಮಾಡಿದೆ.

ಮೂವರೂ ಒಂದೇ ತಟ್ಟೆಯಲ್ಲಿ ತಿಂದೆವು. ಅಮ್ಮ ನಾಲ್ಕೇ ಹೋಳು ತಿಂದಳು, "ಡಾಕ್ಟ್ರು ಏನಂತಾರೋ" ಎಂದು ಉಳಿದದ್ದನ್ನು ನನ್ನ ಕಡೆ ತಳ್ಳಿದಳು, ಆಮೇಲೆ ನನಗೂ ಅದೇ ಇದೆ ಎಂದು ನೆನಪಾಗಿ ವಾಪಸು ಎಳೆದುಕೊಂಡಳು. ಅಲ್ಲೇ ಉಳಿಯುತ್ತಾಳಂತೆ. ಮಂಡಿ ನೋವಿನ ಎಣ್ಣೆ ಅಲ್ಲೇ ಇದೆಯಲ್ಲ ಅಂದಳು.

ಗುಬ್ಬಿಯ ರಿಪೋರ್ಟು ನಾಳೆ ಬರುತ್ತದೆ. ಹೆದರಿಕೆ ಹೋಗಿಲ್ಲ. ಅತ್ತಿಗೆ ಜೊತೆಗೆ ಬರುತ್ತಾರಂತೆ. ಹೊರಡುವಾಗ ಅಮ್ಮ ಮೆಟ್ಟಿಲಿನ ತನಕ ಬಂದು, ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು:

"ನಾಳೆ ಹುಡುಗಿದು ಜಾಸ್ತಿ ಬಂದ್ರೆ, ಯಾರಿಂದ ಬಂತು ಅಂತ ಅವಳು ಕೇಳ್ತಾಳೆ. ನನ್ನ ಹೆಸರು ಹೇಳು. ಬೇರೆ ಯಾರದ್ದೂ ಹೇಳ್ಬೇಡ, ನಿಂದೂ ಕೂಡ."

ಆಯಿತಮ್ಮ ಅಂದೆ.